ಹರಿಯುವ ಎಲೆಕ್ಟ್ರಾನು, ನಿಲ್ಲುವ ಎಲೆಕ್ಟ್ರಾನು

ಇಂಗಾಲದ ಸಂಯುಕ್ತಗಳು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಹಳೆಯ ಸ್ವಿಚ್ಚುಗಳ ಬೇಕಲೈಟ್, ಮೇಣ, ರಬ್ಬರು, ಒಣಮರ ಎಲ್ಲವೂ ಅವಾಹಕಗಳು. ಇಂಥ ವಸ್ತುಗಳಲ್ಲಿ ಹೊರಗಿನ ಎಲೆಕ್ಟ್ರಾನುಗಳು ಎರಡೆರಡಾಗಿ ಜೊತೆಗೂಡಿ ಪರಮಾಣುಗಳ ನಡುವಿನ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅಲ್ಲಿಂದ ಬಿಡಿಸಿಕೊಂಡು ಪಕ್ಕದ ಅಣುವಿಗೆ ಹೋಗಲು ಬೇಕಾದಷ್ಟು ಶಕ್ತಿ ಕೋಣೆಯ ಉಷ್ಣತೆಯಲ್ಲಿ ಅವಕ್ಕೆ ಸಿಗುವುದಿಲ್ಲ. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವಿದ್ದು, ಅದರಿಂದ ಎಲೆಕ್ಟ್ರಾನು ತಾನೇ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಆದರೆ ಜೊತೆಯಾದ ಎರಡರ ಸ್ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿರುವುದರಿಂದ ಅವುಗಳ ಕಾಂತತ್ವ ಪರಸ್ಪರ ರದ್ದಾಗಿಬಿಡುತ್ತದೆ. ಹಾಗಾಗಿ ಸಾವಯವ ವಸ್ತುವಿನಲ್ಲಿ ವಿದ್ಯುತ್ತೂ ಹರಿಯದು, ಅದು ಅಯಸ್ಕಾಂತವೂ ಆಗದು ಎಂಬುದೇ ಬಹುಕಾಲ ರೂಢಿಯ ತಿಳಿವಳಿಕೆಯಾಗಿತ್ತು.

ಕಳೆದ ಎಪ್ಪತ್ತು ವರ್ಷಗಳಲ್ಲಿ ರಸಾಯನವಿಜ್ಞಾನಿಗಳು ಈ ಎರಡನ್ನೂ ಸುಳ್ಳಾಗಿಸುವ ಅಣುಗಳನ್ನು ಕಟ್ಟಿದ್ದಾರೆ. ಆ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ದೇವನಹಳ್ಳಿಯ ದಾರಿಯಲ್ಲಿ ಸಿಗುವ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನೆಲಮಂಗಲದ ದಿಕ್ಕಿಗಿರುವ ಶಿವನಪುರದ ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನ ಕೇಂದ್ರ, ಇವೆಲ್ಲವೂ ಈ ಕಥೆಯಲ್ಲಿ ಬರುತ್ತವೆ. ಅದರ ನಡುವೆ ನಿಲ್ಲುವ ಹೆಸರು ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ರಸಾಯನವಿಜ್ಞಾನಿ ಎಸ್. ರಾಮಶೇಷ ಅವರದು. ಸಾವಯವ ವಾಹಕಗಳನ್ನೂ ಅಣು ಅಯಸ್ಕಾಂತಗಳನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಕಂಡು, ದಶಕಗಳ ಕಾಲ ಅವೆರಡನ್ನೂ ಜೊತೆಜೊತೆಗೆ ಲೆಕ್ಕಹಾಕಿದವರು ಅವರು.

ಸಾವಯವ ವಸ್ತುವಿನಲ್ಲಿ ಗಣನೀಯ ವಿದ್ಯುತ್ತು ಹರಿದದ್ದು ಮೊದಲು ಕಂಡದ್ದು ಜಪಾನಿನಲ್ಲಿ. 1954ರಲ್ಲಿ ಅಕಮಟು, ಇನೊಕುಚಿ ಮತ್ತು ಮತ್ಸುನಾಗ ಅವರು ಪೆರಿಲೀನ್ ಎಂಬ ಚಪ್ಪಟೆ ಅಣುವಿಗೆ ಬ್ರೋಮಿನ್ ಸೇರಿಸಿದಾಗ ಅದು ಅರೆವಾಹಕವಾಯಿತು. ಬ್ರೋಮಿನ್ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತ್ತು. ಅವು ಬಿಟ್ಟುಹೋದ ತೆರಪಿಗೆ ಪಕ್ಕದ ಅಣುವಿನ ಎಲೆಕ್ಟ್ರಾನು ಬರಬಹುದು, ಅದರ ಜಾಗಕ್ಕೆ ಇನ್ನೊಂದು ಬರಬಹುದು. ಎಲೆಕ್ಟ್ರಾನು ಕೊಡುವ ಅಣುವನ್ನೂ ತೆಗೆದುಕೊಳ್ಳುವ ಅಣುವನ್ನೂ ಜೊತೆಗಿಡುವ ಈ ಉಪಾಯವೇ ಮುಂದಿನ ಬಹುಪಾಲು ಸಾವಯವ ವಾಹಕಗಳ ಬುನಾದಿ.

1973ರಲ್ಲಿ ಅಮೆರಿಕದಲ್ಲಿ ಟಿಟಿಎಫ್ ಎಂಬ ಕೊಡುವ ಅಣುವನ್ನೂ ಟಿಸಿಎನ್‌ಕ್ಯು ಎಂಬ ತೆಗೆದುಕೊಳ್ಳುವ ಅಣುವನ್ನೂ ಸೇರಿಸಿ ಹರಳು ಬೆಳೆಸಲಾಯಿತು. ಹರಳಿನೊಳಗೆ ಎರಡು ಬಗೆಯ ಅಣುಗಳೂ ಬೇರೆಬೇರೆ ಕಂಬಗಳಾಗಿ ಪೇರಿಕೊಂಡವು. ಕಂಬದ ಉದ್ದಕ್ಕೆ ವಿದ್ಯುತ್ತು ಲೋಹದಲ್ಲಿ ಹರಿದಂತೆಯೇ ಹರಿಯಿತು, ಅಡ್ಡಡ್ಡಕ್ಕೆ ಬಲು ಕಡಿಮೆ. ಹರಳನ್ನು ತಣಿಸಿದಷ್ಟೂ ವಾಹಕತೆ ಹೆಚ್ಚಿತು. ಇದು ಲೋಹದ ಲಕ್ಷಣವೇ. ಆದರೆ ಸುಮಾರು 54 ಕೆಲ್ವಿನ್‌ಗೆ ಬಂದಾಗ ಹರಳು ಇದ್ದಕ್ಕಿದ್ದಂತೆ ಅವಾಹಕವಾಯಿತು. ಒಂದೇ ಸಾಲಿನಲ್ಲಿ ನಿಂತ ಪರಮಾಣುಗಳು ಲೋಹವಾಗಿ ಬಹಳ ತಣ್ಣಗೆ ಉಳಿಯಲಾರವು, ಅವು ಹತ್ತಿರ ಸರಿದು ದೂರ ಸರಿದು ಸಾಲನ್ನು ಕದಡಿಕೊಳ್ಳುತ್ತವೆ ಎಂದು ಭೌತವಿಜ್ಞಾನಿ ಪಯರ್ಲ್ಸ್ ಮೊದಲೇ ಹೇಳಿದ್ದರು. ಅದು ಇಲ್ಲಿ ಕಣ್ಣಿಗೆ ಬಿತ್ತು. ಚಳಿಯಲ್ಲಿ ಹರಳು ಹೀಗೆ ಅವಾಹಕವಾಗುವುದನ್ನು ಒತ್ತಡದಿಂದ ತಡೆದರೆ ಏನಾಗುತ್ತದೆ ಎಂಬುದನ್ನು 1980ರಲ್ಲಿ ಡೆನ್ಮಾರ್ಕಿನ ಬೆಕ್ಗಾರ್ಡ್ ಬೆಳೆಸಿದ ಹರಳಿನ ಮೇಲೆ ಫ್ರಾನ್ಸಿನ ಜೆರೋಮ್ ತಂಡ ತೋರಿಸಿತು. ವಾತಾವರಣದ ಒತ್ತಡದ ಸುಮಾರು 12 ಸಾವಿರ ಪಟ್ಟು ಒತ್ತಡದಲ್ಲಿ, 0.9 ಕೆಲ್ವಿನ್ ಚಳಿಯಲ್ಲಿ ಆ ಹರಳಿನ ವಿದ್ಯುತ್ ತಡೆ ಪೂರ್ತಿ ಮಾಯವಾಯಿತು. ಅದು ಮೊದಲ ಸಾವಯವ ಅತಿವಾಹಕ.

ಇದೇ ಕಾಲದಲ್ಲಿ ಪ್ಲಾಸ್ಟಿಕ್ಕೂ ವಾಹಕವಾಯಿತು. ಪಾಲಿಅಸಿಟಲೀನ್ ಎಂಬುದು ಇಂಗಾಲದ ಉದ್ದ ಸರಪಳಿ, ಅದರಲ್ಲಿ ಏಕಬಂಧ ಮತ್ತು ದ್ವಿಬಂಧಗಳು ಒಂದಾದಮೇಲೊಂದು ಬರುತ್ತವೆ. 1977ರಲ್ಲಿ ಶಿರಕಾವ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಅದಕ್ಕೆ ಅಯೋಡಿನ್ ಆವಿ ಹಿಡಿದಾಗ ವಾಹಕತೆ ಒಂದು ಕೋಟಿ ಪಟ್ಟು ಏರಿತು. ಮೂವರಿಗೂ 2000ದಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಹೀಗರ್ ಅವರೊಂದಿಗೆ ಅಮೆರಿಕದಲ್ಲಿ ಕೆಲಸ ಮಾಡಿದ ರೇಘು ಮೆನನ್ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗಕ್ಕೆ ಬಂದು, ಪಾಲಿಅನಿಲೀನ್‌ನಂಥ ವಾಹಕ ಪಾಲಿಮರುಗಳು ಯಾವಾಗ ಲೋಹ, ಯಾವಾಗ ಅವಾಹಕ ಎಂಬ ಗಡಿಯನ್ನು ಅತಿಶೀತದಲ್ಲಿ ಅಳೆಯುವ ಕೆಲಸವನ್ನು ಇಲ್ಲಿ ಬೆಳೆಸಿದರು.

ಹೀಗೆ ಪ್ರಯೋಗಗಳು ಮುಂದೆ ಓಡಿದವು, ವಿವರಣೆ ಹಿಂದುಳಿಯಿತು. ಪಾಲಿಅಸಿಟಲೀನ್ ಸರಪಳಿಯಲ್ಲಿ ಪ್ರತಿ ಇಂಗಾಲವೂ ಸಡಿಲವಾದ ಒಂದು ಎಲೆಕ್ಟ್ರಾನನ್ನು ಕೊಡುತ್ತದೆ. ಪಕ್ಕದ ಪರಮಾಣುವಿಗೆ ಜಿಗಿದರೆ ಎಲೆಕ್ಟ್ರಾನಿಗೆ ಶಕ್ತಿಯ ಲಾಭವಿದೆ. ಆದರೆ ಅಲ್ಲಿ ಆಗಲೇ ಒಂದು ಎಲೆಕ್ಟ್ರಾನು ಇದ್ದರೆ ಎರಡೂ ಋಣ ವಿದ್ಯುದಂಶಗಳು ಒಂದನ್ನೊಂದು ತಳ್ಳುತ್ತವೆ, ಅಲ್ಲಿ ನಷ್ಟ. ಜಿಗಿತದ ಲಾಭ ಗೆದ್ದರೆ ಎಲೆಕ್ಟ್ರಾನುಗಳು ಹರಿಯುತ್ತವೆ, ವಸ್ತು ವಾಹಕವಾಗುತ್ತದೆ. ತಳ್ಳಾಟ ಗೆದ್ದರೆ ಪ್ರತಿಯೊಂದೂ ತನ್ನ ಪರಮಾಣುವಿನಲ್ಲೇ ನಿಂತುಬಿಡುತ್ತದೆ. ಆಗ ವಿದ್ಯುತ್ತು ಹರಿಯುವುದಿಲ್ಲ, ಆದರೆ ನಿಂತ ಪ್ರತಿ ಎಲೆಕ್ಟ್ರಾನಿನ ಸ್ಪಿನ್ನೂ ಉಳಿಯುತ್ತದೆ, ಕಾಂತತ್ವಕ್ಕೆ ದಾರಿಯಾಗುತ್ತದೆ. ವಾಹಕತೆ, ಕಾಂತತ್ವ ಎರಡೂ ಈ ಒಂದೇ ತೂಗಾಟದಿಂದ ಹುಟ್ಟುತ್ತವೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ತಿಳಿವು ಇನ್ನೊಂದಿಲ್ಲ.

ಈ ತೂಗಾಟವನ್ನು ಲೆಕ್ಕಕ್ಕೆ ಇಳಿಸುವುದೇ ಕಷ್ಟ. ಒಂದು ಇಂಗಾಲದ ಜಾಗ ಖಾಲಿ ಇರಬಹುದು, ಅಲ್ಲಿ ಮೇಲ್ಮುಖ ಸ್ಪಿನ್ನಿನ ಒಂದು ಎಲೆಕ್ಟ್ರಾನು ಇರಬಹುದು, ಕೆಳಮುಖದ್ದು ಇರಬಹುದು, ಅಥವಾ ಎರಡೂ ಇರಬಹುದು. ಒಟ್ಟು ನಾಲ್ಕು ಸಾಧ್ಯತೆ. ಹತ್ತು ಇಂಗಾಲದ ಸರಪಳಿಗೆ ಸಾಧ್ಯತೆಗಳು ಹತ್ತು ಲಕ್ಷ ದಾಟುತ್ತವೆ, ಹದಿನಾಲ್ಕಕ್ಕೆ 26 ಕೋಟಿ ಮೀರುತ್ತವೆ. ಒಂದು ಎಲೆಕ್ಟ್ರಾನಿನ ನಡೆ ಉಳಿದೆಲ್ಲದರ ನಡೆಗೆ ತಗುಲಿಕೊಂಡಿರುವುದರಿಂದ ಅವನ್ನು ಬಿಡಿಬಿಡಿಯಾಗಿ ಲೆಕ್ಕಹಾಕುವಂತಿಲ್ಲ. ಎಲೆಕ್ಟ್ರಾನುಗಳು ಒಂದನ್ನೊಂದು ಗಮನಿಸುವುದೇ ಇಲ್ಲ ಎಂದು ಭಾವಿಸಿಕೊಂಡು ಲೆಕ್ಕ ಮಾಡಿದರೆ ಉತ್ತರ ಬೇಗ ಬರುತ್ತದೆ, ಆದರೆ ತಪ್ಪು ಬರುತ್ತದೆ.

ರಾಮಶೇಷ ಅವರ ಆರಂಭದ ಕೆಲಸವೇ ಈ ಕಡೆಗೆ ತಿರುಗಿತ್ತು. 1979ರಲ್ಲಿ ಟಿ.ವಿ. ರಾಮಕೃಷ್ಣನ್ ಮತ್ತು ಸಿ.ಎನ್.ಆರ್. ರಾವ್ ಅವರೊಂದಿಗೆ ಅವರು ಪ್ರಕಟಿಸಿದ ಸಿದ್ಧಾಂತ, ಘನವಸ್ತುಗಳಲ್ಲಿ ಲೋಹದ ಅಯಾನುಗಳು ಕಡಿಮೆ ಸ್ಪಿನ್ನಿನಿಂದ ಹೆಚ್ಚು ಸ್ಪಿನ್ನಿಗೆ ಜಿಗಿಯುವ ಬಗೆಯನ್ನು ವಿವರಿಸಿತು. ಬಳಿಕ ಪ್ರಿನ್ಸ್‌ಟನ್ನಿನ ಜೊಲ್ಟಾನ್ ಸೂಸ್ ಜೊತೆಗೂಡಿ 1984ರಲ್ಲಿ ಪ್ರಕಟಿಸಿದ ವಿಧಾನ ಅವರಿಗೆ ಹೆಸರು ತಂದಿತು. ರಸಾಯನವಿಜ್ಞಾನಿಗಳು ಕಾಗದದ ಮೇಲೆ ಅಣುವಿನ ಬಂಧಗಳನ್ನು ಗೆರೆಗಳಾಗಿ ಎಳೆಯುವುದು ಹಳೆಯ ಪದ್ಧತಿ. ಆ ಪ್ರತಿಯೊಂದು ಚಿತ್ರವನ್ನೂ ಸೊನ್ನೆ-ಒಂದುಗಳ ಸಾಲಾಗಿಸಿ ಒಂದೇ ಪೂರ್ಣಾಂಕವಾಗಿ ಕಂಪ್ಯೂಟರಿನಲ್ಲಿಟ್ಟರೆ, ಎಲೆಕ್ಟ್ರಾನಿನ ಜಿಗಿತ ಎಂದರೆ ಒಂದು ಪೂರ್ಣಾಂಕ ಇನ್ನೊಂದಾಗುವುದಷ್ಟೇ. ಒಟ್ಟು ಸ್ಪಿನ್ ಎಷ್ಟಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಬೇಡದ ಚಿತ್ರಗಳೆಲ್ಲ ತಾವಾಗಿ ಬಿಟ್ಟುಹೋಗುತ್ತವೆ. ಇಂದಿನ ಮೊಬೈಲ್ ಫೋನಿಗಿಂತ ದುರ್ಬಲವಾಗಿದ್ದ ಅಂದಿನ ಯಂತ್ರಗಳಲ್ಲಿ ಅಂದಾಜಲ್ಲದ ಖಚಿತ ಉತ್ತರ ಪಡೆಯಲು ಈ ಜಾಣ್ಮೆ ಅನಿವಾರ್ಯವಾಗಿತ್ತು.

ಆ ಲೆಕ್ಕದಿಂದ ಇತ್ಯರ್ಥವಾದ ಒಂದು ಪ್ರಶ್ನೆ ಬೆಳಕಿನದು. ಕೆಲವು ಇಂಗಾಲದ ಸರಪಳಿಗಳು ಬೆಳಕು ಹೀರಿ ಮತ್ತೆ ಹೊಳೆಯುತ್ತವೆ. ಪಾಲಿಅಸಿಟಲೀನ್ ಹೀರುತ್ತದೆ, ಹೊಳೆಯುವುದಿಲ್ಲ. ಎಲೆಕ್ಟ್ರಾನುಗಳ ತಳ್ಳಾಟವನ್ನು ಸೇರಿಸಿ ಲೆಕ್ಕ ಮಾಡಿದಾಗ ಕಾರಣ ಸಿಕ್ಕಿತು. ಬೆಳಕನ್ನು ಹೀರಿಕೊಳ್ಳುವ ಶಕ್ತಿಮಟ್ಟಕ್ಕಿಂತ ಕೆಳಗೆ, ಬೆಳಕನ್ನು ಹೊರಬಿಡಲಾಗದ ಇನ್ನೊಂದು ಮಟ್ಟ ಅಡಗಿ ಕೂತಿದೆ. ಶಕ್ತಿ ಅಲ್ಲಿಗೆ ಇಳಿದುಹೋಗುತ್ತದೆ, ಬೆಳಕಾಗದೆ ಶಾಖವಾಗಿ ಮುಗಿಯುತ್ತದೆ. ತಳ್ಳಾಟವನ್ನು ಕೈಬಿಟ್ಟ ಲೆಕ್ಕಗಳು ಈ ಎರಡು ಮಟ್ಟಗಳನ್ನು ತಲೆಕೆಳಗಾಗಿ ಇಡುತ್ತಿದ್ದವು. ಪಿಪಿವಿ ಎಂಬ ಪಾಲಿಮರಿನಲ್ಲಿ ಹೊಳೆಯುವ ಮಟ್ಟವೇ ಕೆಳಗಿದೆ. 1990ರಲ್ಲಿ ಕೇಂಬ್ರಿಜ್‌ನಲ್ಲಿ ವಿದ್ಯುತ್ತು ಹರಿಸಿ ಬೆಳಗಿಸಿದ ಮೊದಲ ಪಾಲಿಮರ್ ಅದೇ.

ಸರಪಳಿ ಉದ್ದವಾದಂತೆ ಖಚಿತ ಲೆಕ್ಕ ಸಾಧ್ಯವಾಗುವುದಿಲ್ಲ. 1992ರಲ್ಲಿ ಅಮೆರಿಕದ ಸ್ಟೀವನ್ ವೈಟ್, ಸರಪಳಿಯನ್ನು ಸ್ವಲ್ಪಸ್ವಲ್ಪವಾಗಿ ಬೆಳೆಸುತ್ತ ಪ್ರತಿ ಹಂತದಲ್ಲೂ ಮುಖ್ಯವಾದ ಸ್ಥಿತಿಗಳನ್ನಷ್ಟೇ ಉಳಿಸಿಕೊಳ್ಳುವ ಹೊಸ ಗಣಿತ ತಂತ್ರವನ್ನು ಕೊಟ್ಟರು. ಬೆಂಗಳೂರಿನಲ್ಲಿ ರಾಮಶೇಷ, ಅವರ ವಿದ್ಯಾರ್ಥಿಯಾಗಿದ್ದ ಸ್ವಪನ್ ಪತಿ, ಭೌತವಿಜ್ಞಾನಿ ಎಚ್.ಆರ್. ಕೃಷ್ಣಮೂರ್ತಿ ಮತ್ತು ಬೆಲ್ಜಿಯಮ್ಮಿನ ಸಹೋದ್ಯೋಗಿಗಳು ಅದಕ್ಕೆ ಅಣುವಿನ ಸಮಮಿತಿಯನ್ನು ಬೆಸೆದು, ಬೆಳಕಿಗೆ ಸಂಬಂಧಪಟ್ಟ ಮೇಲಿನ ಶಕ್ತಿಮಟ್ಟಗಳನ್ನೂ ಹಿಡಿಯುವಂತೆ ಮಾಡಿದರು. ಆ ಪ್ರಬಂಧ 1996ರಲ್ಲಿ ಬಂತು. ಪತಿ ಮುಂದೆ ಜಕ್ಕೂರಿನ ಕೇಂದ್ರ ಸೇರಿ ತಮ್ಮದೇ ತಂಡ ಕಟ್ಟಿದರು.

ಈ ಸಂಶೋಧನೆ ನಡೆದ ಘನಸ್ಥಿತಿ ಮತ್ತು ರಾಚನಿಕ ರಸಾಯನವಿಜ್ಞಾನ ಘಟಕವನ್ನು ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದವರು 1976ರಲ್ಲಿ ಕಾನ್ಪುರದಿಂದ ಹುಟ್ಟೂರಿಗೆ ಮರಳಿದ ಸಿ.ಎನ್.ಆರ್. ರಾವ್. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಕೇಂದ್ರದ ಸ್ಥಾಪಕರೂ ಅವರೇ. ರಾವ್ ಸ್ವತಃ ದುಡಿದದ್ದು ಹೆಚ್ಚಾಗಿ ಲೋಹಗಳ ಆಕ್ಸೈಡುಗಳ ಮೇಲೆ. ಆದರೆ ಲೆಕ್ಕ ಮಾಡುವವರು, ಹರಳು ಬೆಳೆಸುವವರು, ಅಳೆಯುವವರು ಒಂದೇ ಸೂರಿನಡಿ ಇರುವ ವಾತಾವರಣ ಅವರಿಂದ ಬಂದದ್ದು, ಅಣು ಅಯಸ್ಕಾಂತದಂಥ ವಿಷಯಕ್ಕೆ ಅದು ಬೇಕೇಬೇಕು.

ಎಲೆಕ್ಟ್ರಾನು ಹರಿಯುವ ಸಾಲನ್ನು ಹರಳೇ ಇಲ್ಲದೆ ಕಟ್ಟುವ ದಾರಿಯೊಂದು ಬೆಂಗಳೂರಿನಲ್ಲೇ ಹುಟ್ಟಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1961ರಿಂದ ಭೌತವಿಜ್ಞಾನ ವಿಭಾಗವನ್ನು ನಡೆಸಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ದ್ರವ ಸ್ಫಟಿಕಗಳ, ಎಂದರೆ ದ್ರವದಂತೆ ಹರಿದರೂ ಅಣುಗಳು ಒಂದು ಕ್ರಮದಲ್ಲಿ ನಿಲ್ಲುವ ವಸ್ತುಗಳ ತಜ್ಞರು. ಅಂದಿನವರೆಗೆ ಗೊತ್ತಿದ್ದ ದ್ರವ ಸ್ಫಟಿಕಗಳ ಅಣುಗಳೆಲ್ಲ ಉದ್ದುದ್ದನೆಯ ಕಡ್ಡಿಯಾಕಾರದವು. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಮೇದಾಮ್ಲದ ಉದ್ದ ಬಾಲಗಳನ್ನು ಜೋಡಿಸಿದ ಚಪ್ಪಟೆ ಅಣುಗಳನ್ನು ತಯಾರಿಸಿದರು. ಬಿಸಿ ಮಾಡಿದಾಗ ಅವು ಕರಗಿ ನೀರಾಗಲಿಲ್ಲ, ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಗಳಂತೆ ಕಂಬ ಕಟ್ಟಿಕೊಂಡವು. 1977ರಲ್ಲಿ 'ಪ್ರಮಾಣ' ಪತ್ರಿಕೆಯಲ್ಲಿ ಈ ಶೋಧ ಪ್ರಕಟವಾಯಿತು. ಪಾಲಿಅಸಿಟಲೀನ್ ವಾಹಕವಾದದ್ದೂ ಅದೇ ವರ್ಷ. ಕಂಬದ ನಡುವಿನ ಉಂಗುರಗಳ ಮೂಲಕ ವಿದ್ಯುದಂಶ ಸಾಗುತ್ತದೆ, ಸುತ್ತಲಿನ ಕೊಬ್ಬಿನ ಬಾಲಗಳು ಅವಾಹಕ ಹೊದಿಕೆಯಾಗುತ್ತವೆ. ಎಂದರೆ ಪ್ರತಿ ಕಂಬವೂ ಒಂದೇ ಅಣುವಿನಷ್ಟು ದಪ್ಪದ, ಹೊದಿಕೆ ಸಮೇತದ ತಂತಿ. 1994ರಲ್ಲಿ ಟ್ರೈಫೆನಿಲೀನ್ ಜಾತಿಯ ಇಂಥ ಕಂಬಗಳಲ್ಲಿ ವಿದ್ಯುದಂಶಗಳು ಅಂದಿನ ಸಾವಯವ ವಸ್ತುಗಳಲ್ಲಿ ಅಪರೂಪವೆನಿಸುವ ವೇಗದಲ್ಲಿ ಸಾಗುವುದನ್ನು ಯುರೋಪಿನ ವಿಜ್ಞಾನಿಗಳು ಅಳೆದರು. ಭಾರತದ ನೆಲದಲ್ಲಿ ಕಂಡುಹಿಡಿದು, ಭಾರತದ ಪತ್ರಿಕೆಯಲ್ಲೇ ಅಚ್ಚಾಗಿ, ಜಗತ್ತಿನಾದ್ಯಂತ ಹೊಸ ಸಂಶೋಧನಾ ಕ್ಷೇತ್ರವನ್ನೇ ತೆರೆದ ಕೆಲಸಗಳು ಹೆಚ್ಚಿಲ್ಲ. ಇದನ್ನು ಕನ್ನಡದ ಓದುಗರು ಹೆಮ್ಮೆಯಿಂದ ನೆನೆಯಬೇಕು. ಚಂದ್ರಶೇಖರ್ ಜಾಲಹಳ್ಳಿಯಲ್ಲಿ 1991ರಲ್ಲಿ ಕಟ್ಟಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವೇ ಹೆಸರು ಬದಲಾಗಿ ಇಂದು ಶಿವನಪುರದ ಅರ್ಕಾವತಿ ಆವರಣದಲ್ಲಿದೆ.

ಬಳಕೆಗೆ ಮೊದಲು ಬಂದವು ಬೆಳಕು ಕೊಡುವ ಸಾವಯವ ವಸ್ತುಗಳೇ. ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಫೋನುಗಳ ಒಎಲ್‌ಇಡಿ ಪರದೆಯಲ್ಲಿ ಬೆಳಗುವುದು ಇಂಗಾಲದ ಅಣುಗಳ ತೆಳುಪದರ. ಪರದೆ ತಯಾರಾಗುವುದು ಹೊರದೇಶದಲ್ಲಿ. ಅದರೊಳಗೆ ಒಂದು ಕಡೆಯಿಂದ ಎಲೆಕ್ಟ್ರಾನು, ಇನ್ನೊಂದು ಕಡೆಯಿಂದ ತೆರಪು ಬಂದು ಸೇರಿದಾಗ ಬೆಳಕು ಹುಟ್ಟುತ್ತದೆ. ಎರಡರ ಸ್ಪಿನ್ನುಗಳು ಸೇರಬಹುದಾದ ನಾಲ್ಕು ಬಗೆಗಳಲ್ಲಿ ಸಾಮಾನ್ಯ ಅಣುಗಳಿಗೆ ಬೆಳಕು ಕೊಡುವುದು ಒಂದೇ. ಆದ್ದರಿಂದ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಬೆಳಕಾಗಲಾರದು ಎಂಬುದು ಸರಳ ಲೆಕ್ಕ. ಎಲೆಕ್ಟ್ರಾನುಗಳ ತಳ್ಳಾಟವನ್ನು ಗಣನೆಗೆ ತೆಗೆದುಕೊಂಡರೆ ಪಾಲಿಮರುಗಳಲ್ಲಿ ಈ ಪಾಲು ಬೇರೆಯಾಗಬಹುದು ಎಂಬುದನ್ನು ರಾಮಶೇಷ, ಕುಂಜ್ ಟಂಡನ್ ಮತ್ತು ಅರಿಜೋನಾದ ಸುಮಿತ್ ಮಜುಮ್‌ದಾರ್ 2003ರಲ್ಲಿ ಪರಿಶೀಲಿಸಿದರು. ಫೋನ್ ಪರದೆಯ ಕೆಂಪು ಮತ್ತು ಹಸಿರು ಬಣ್ಣಗಳಿಗೆ ಇರಿಡಿಯಂನಂಥ ಭಾರ ಲೋಹ ಸೇರಿಸಿದ ಅಣುಗಳನ್ನು ಬಳಸಿ, ಉಳಿದ ಮೂರು ಬಗೆಗಳಿಂದಲೂ ಬೆಳಕು ತೆಗೆಯಲಾಗುತ್ತದೆ.

ಜಕ್ಕೂರಿನಲ್ಲಿ ಕೆ.ಎಸ್. ನಾರಾಯಣ್ ಅವರ ತಂಡ ಇದನ್ನೇ ತಿರುಗಿಸಿ, ಬೆಳಕು ಬಿದ್ದಾಗ ವಿದ್ಯುದಂಶ ಹುಟ್ಟಿಸುವ ಪಾಲಿಮರುಗಳನ್ನು ಬಳಸಿತು. ಬೆಳಕಿಗೆ ಇನ್ನೂ ಸ್ಪಂದಿಸಲಾರದ ಹಂತದ ಕೋಳಿ ಭ್ರೂಣದ ಅಕ್ಷಿಪಟಲವನ್ನು ಅಂಥ ಪಾಲಿಮರ್ ಪದರದ ಮೇಲಿಟ್ಟು ಬೆಳಕು ಹಾಯಿಸಿದಾಗ ನರಕೋಶಗಳು ಮಿಡಿದವು. ಇಸ್ರೇಲಿನ ವಿಜ್ಞಾನಿಗಳೊಂದಿಗೆ ನಡೆದ ಈ ಪ್ರಯೋಗದ ವರದಿ 2014ರಲ್ಲಿ ಬಂತು. ಸಿಲಿಕಾನಿಗಿಂತ ಮೆದುವಾದ, ಜೀವಕೋಶಕ್ಕೆ ಒಗ್ಗುವ ವಾಹಕ ಎಂಬುದೇ ಇಲ್ಲಿ ಸಾವಯವ ವಸ್ತುವಿನ ಮೇಲುಗೈ.

ಎಲೆಕ್ಟ್ರಾನು ನಿಂತಾಗಿನ ಕಥೆ ಕಾಂತತ್ವದ್ದು. ಕಬ್ಬಿಣದ ತುಂಡಿನಲ್ಲಿ ಕೋಟ್ಯಂತರ ಪರಮಾಣುಗಳ ಸ್ಪಿನ್ನುಗಳು ಒಂದೇ ದಿಕ್ಕಿಗೆ ನಿಲ್ಲುವುದರಿಂದ ಅದು ಅಯಸ್ಕಾಂತವಾಗುತ್ತದೆ. ಅಣುಗಳಲ್ಲಿ ಪಕ್ಕಪಕ್ಕದ ಒಂಟಿ ಎಲೆಕ್ಟ್ರಾನುಗಳು ವಿರುದ್ಧ ಸ್ಪಿನ್ನಿನಲ್ಲಿ ಜೊತೆಯಾಗಲು ಹಾತೊರೆಯುತ್ತವೆ, ಅದನ್ನು ತಡೆಯುವುದೇ ರಸಾಯನವಿಜ್ಞಾನಿಯ ಕೆಲಸ. 1991ರಲ್ಲಿ ಜಪಾನಿನಲ್ಲಿ ಲೋಹವೇ ಇಲ್ಲದ ಒಂದು ಸಾವಯವ ಹರಳು ಅಯಸ್ಕಾಂತವಾಯಿತು, ಅದೂ 0.6 ಕೆಲ್ವಿನ್‌ಗಿಂತ ಕೆಳಗೆ. ಅದೇ ವರ್ಷ ಅಮೆರಿಕದಲ್ಲಿ ಅರವತ್ತು ಇಂಗಾಲದ ಫುಲ್ಲರೀನ್ ಚೆಂಡಿಗೆ ಟಿಡಿಎಇ ಎಂಬ ಸಾವಯವ ಅಣು ಎಲೆಕ್ಟ್ರಾನು ಕೊಟ್ಟಾಗ ಹುಟ್ಟಿದ ವಸ್ತು 16 ಕೆಲ್ವಿನ್‌ನಲ್ಲೇ ಅಯಸ್ಕಾಂತದ ಗುಣ ತೋರಿತು. ಬೆಂಗಳೂರಿನಲ್ಲಿ ರಾವ್, ರಾಮ್ ಶೇಷಾದ್ರಿ, ಎಸ್.ವಿ. ಭಟ್ ಮತ್ತು ರಾಮಶೇಷ ಈ ವಸ್ತುವನ್ನು ಕೂಡಲೇ ಕೈಗೆತ್ತಿಕೊಂಡರು. ಚೆಂಡುಗಳು ಒಂದಕ್ಕೊಂದು ಯಾವ ಮುಖ ತೋರಿಸಿ ನಿಂತಿವೆ ಎಂಬುದರ ಮೇಲೆ ಇದರ ಕಾಂತತ್ವ ನಿಂತಿದೆ ಎಂಬುದು ಬೇರೆಡೆಯ ಪ್ರಯೋಗಗಳಿಂದ 2000ದ ಹೊತ್ತಿಗೆ ಸ್ಪಷ್ಟವಾಯಿತು.

ಇನ್ನೊಂದು ದಾರಿ, ವಿರುದ್ಧ ಸ್ಪಿನ್ನುಗಳನ್ನು ಒಪ್ಪಿಕೊಂಡೇ ಗೆಲ್ಲುವುದು. ದೊಡ್ಡ ಸ್ಪಿನ್ನಿನ ಪಕ್ಕ ಸಣ್ಣ ಸ್ಪಿನ್ ನಿಂತರೆ ರದ್ದಾಗಿಯೂ ಸ್ವಲ್ಪ ಉಳಿಯುತ್ತದೆ. ಫ್ರಾನ್ಸಿನ ಒಲಿವಿಯೇ ಕಾನ್ ಮ್ಯಾಂಗನೀಸ್ ಮತ್ತು ತಾಮ್ರವನ್ನು ಒಂದಾದಮೇಲೊಂದು ಜೋಡಿಸಿ ಇಂಥ ಸರಪಳಿಗಳನ್ನು ಕಟ್ಟಿದ್ದರು. ಈ ಬಗೆಯ ಸರಪಳಿಯ ಶಕ್ತಿಮಟ್ಟಗಳು ಹೇಗಿರುತ್ತವೆಂದು 1997ರಲ್ಲಿ ಪತಿ, ರಾಮಶೇಷ ಮತ್ತು ದೀಪ್ತಿಮಾನ್ ಸೇನ್ ಲೆಕ್ಕಹಾಕಿ ತೋರಿಸಿದರು.

ರಾಮಶೇಷ ಅವರ ಇನ್ನೊಂದು ದೊಡ್ಡ ಲೆಕ್ಕ ಮ್ಯಾಂಗನೀಸ್-12 ಅಸಿಟೇಟ್ ಎಂಬ ಅಣುವಿನದು. ಅದರಲ್ಲಿ ಹನ್ನೆರಡು ಮ್ಯಾಂಗನೀಸ್ ಅಯಾನುಗಳಿವೆ. ಹೊರಗಿನ ಎಂಟಕ್ಕೆ ತಲಾ 2 ಸ್ಪಿನ್, ಒಳಗಿನ ನಾಲ್ಕಕ್ಕೆ ತಲಾ ಒಂದೂವರೆ. ಹೊರಗಿನವು ಒಂದು ದಿಕ್ಕಿಗೆ, ಒಳಗಿನವು ಎದುರು ದಿಕ್ಕಿಗೆ ನಿಂತರೆ 16ರಲ್ಲಿ 6 ಕಳೆದು 10 ಉಳಿಯುತ್ತದೆ. 1993ರಲ್ಲಿ ಇಟಲಿಯ ಸೆಸ್ಸೋಲಿ, ಗಾಟೆಸ್ಕಿ ಮತ್ತು ಸಂಗಡಿಗರು ಈ ಅಣುಗಳಲ್ಲಿ ಒಂದೊಂದೂ ತಾನೇ ಅಯಸ್ಕಾಂತವೆಂದು ತೋರಿಸಿದರು. 2 ಕೆಲ್ವಿನ್ ಚಳಿಯಲ್ಲಿ ಅದಕ್ಕೆ ಒಮ್ಮೆ ಕೊಟ್ಟ ದಿಕ್ಕು ಮರೆತುಹೋಗಲು ತಿಂಗಳುಗಳೇ ಬೇಕು. ಹನ್ನೆರಡು ಅಯಾನುಗಳ ಸ್ಪಿನ್ನುಗಳು ನಿಲ್ಲಬಹುದಾದ ಬಗೆಗಳು ಎಂಟು ಬಾರಿ ಐದು, ನಾಲ್ಕು ಬಾರಿ ನಾಲ್ಕು ಗುಣಿಸಿದಷ್ಟು: ಸರಿಯಾಗಿ ಹತ್ತು ಕೋಟಿ. ಸಿ. ರಘು, ಇಂದ್ರನೀಲ್ ರುದ್ರ, ಸೇನ್ ಮತ್ತು ರಾಮಶೇಷ 2001ರಲ್ಲಿ ಅಣುವಿನ ಸಮಮಿತಿಯನ್ನು ಬಳಸಿ ಈ ಹತ್ತು ಕೋಟಿಯ ಲೆಕ್ಕವನ್ನು ಅಂದಾಜಿಲ್ಲದೆ ಬಿಡಿಸಿದರು. ಅಯಾನು-ಅಯಾನುಗಳ ನಡುವಿನ ಬಲಕ್ಕೆ ಅದುವರೆಗೆ ಬಳಕೆಯಲ್ಲಿದ್ದ ಅಂಕಿಗಳು ಕೆಳಗಿನ ಶಕ್ತಿಮಟ್ಟಗಳ ಸರಿಯಾದ ಕ್ರಮವನ್ನು ಕೊಡುವುದಿಲ್ಲ, ಅವನ್ನು ತಿದ್ದಬೇಕು ಎಂಬುದು ಅವರ ತೀರ್ಮಾನವಾಗಿತ್ತು. ಪ್ರಯೋಗ ಮಾಡದೆಯೇ ಪ್ರಯೋಗದವರ ಅಂಕಿಯನ್ನು ತಿದ್ದುವ ಈ ಧೈರ್ಯ ಖಚಿತ ಲೆಕ್ಕದಿಂದ ಮಾತ್ರ ಬರುತ್ತದೆ.

ಒಂದೇ ಅಣುವಿನಲ್ಲಿ ಮಾಹಿತಿಯ ಒಂದು ತುಣುಕನ್ನು ಕಾಪಾಡುವ ಆಸೆ ಇಲ್ಲಿಂದಲೇ ಬಂತು. ಅಡ್ಡಿಯೆಂದರೆ ಅದಕ್ಕೆ ಬೇಕಾದ ಅತಿಯಾದ ಚಳಿ. ಭಾರ ಲೋಹವಾದ ಡಿಸ್‌ಪ್ರೋಸಿಯಂನ ಒಂದೇ ಅಯಾನನ್ನು ಎರಡು ಇಂಗಾಲದ ಉಂಗುರಗಳ ನಡುವೆ ಹಿಡಿದಿಟ್ಟ ಅಣು 2018ರಲ್ಲಿ 80 ಕೆಲ್ವಿನ್‌ವರೆಗೂ ತನ್ನ ದಿಕ್ಕನ್ನು ನೆನಪಿಟ್ಟುಕೊಂಡಿತು. ಅಗ್ಗವಾಗಿ ಸಿಗುವ ದ್ರವ ಸಾರಜನಕದ 77 ಕೆಲ್ವಿನ್ ಮಟ್ಟವನ್ನು ದಾಟಿದ್ದು ಆಗಲೇ.

ಹರಿಯುವ ಎಲೆಕ್ಟ್ರಾನನ್ನೂ ನಿಂತ ಎಲೆಕ್ಟ್ರಾನನ್ನೂ ಒಂದೇ ಹರಳಿನಲ್ಲಿ ಕೂಡಿಸುವುದು ಎಲ್ಲಕ್ಕಿಂತ ಕಠಿಣ. 2000ದಲ್ಲಿ ಸ್ಪೇನಿನ ವಲೆನ್ಸಿಯಾದ ಕೊರೊನಾಡೊ ತಂಡ ಟಿಟಿಎಫ್ ಜಾತಿಯ ವಾಹಕ ಅಣುಗಳ ಪದರ ಮತ್ತು ಮ್ಯಾಂಗನೀಸ್, ಕ್ರೋಮಿಯಂಗಳ ಕಾಂತೀಯ ಪದರ ಒಂದರ ನಂತರ ಒಂದು ಬರುವ ಹರಳು ಬೆಳೆಸಿತು. 5.5 ಕೆಲ್ವಿನ್‌ಗಿಂತ ಕೆಳಗೆ ಅದು ಅಯಸ್ಕಾಂತವೂ ಹೌದು, ಲೋಹದಂಥ ವಾಹಕವೂ ಹೌದು. ಆದರೆ ಎರಡು ಪದರಗಳೂ ತಮ್ಮ ಪಾಡಿಗೆ ತಾವು ಇದ್ದವು, ಒಂದರ ಪ್ರಭಾವ ಇನ್ನೊಂದರ ಮೇಲೆ ಕಡಿಮೆ. ಜಪಾನಿನ ಕೊಬಾಯಶಿ ದಂಪತಿ ಸೆಲೆನಿಯಂ ಇರುವ ಬೆಟ್ಸ್ ಎಂಬ ಅಣುವಿನೊಂದಿಗೆ ಕಬ್ಬಿಣದ ಕ್ಲೋರೈಡನ್ನು ಸೇರಿಸಿ ಬೆಳೆಸಿದ ಹರಳಿನಲ್ಲಿ ಮಾತ್ರ ಎರಡೂ ನಿಜವಾಗಿ ಕೈಹಿಡಿದವು. ಅದು 8 ಕೆಲ್ವಿನ್ ಸುಮಾರಿಗೆ ಅವಾಹಕವಾಗುತ್ತದೆ. ಸುಮಾರು 10 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟರೆ ಲೋಹವಾಗುತ್ತದೆ. 2001ರ ಪ್ರಯೋಗವೊಂದರಲ್ಲಿ ಕ್ಷೇತ್ರವನ್ನು 17 ಟೆಸ್ಲಾ ಮೀರಿಸಿದಾಗ ಹರಳು ಅತಿವಾಹಕವಾಯಿತು. ಬಲವಾದ ಕಾಂತಕ್ಷೇತ್ರ ಅತಿವಾಹಕತೆಯನ್ನು ಕೆಡಿಸುವುದು ಸಾಮಾನ್ಯ ನಿಯಮ, ಇಲ್ಲಿ ಹುಟ್ಟಿಸಿತು. ಕಬ್ಬಿಣದ ಸ್ಪಿನ್ನುಗಳು ಹರಿಯುವ ಎಲೆಕ್ಟ್ರಾನುಗಳ ಮೇಲೆ ಒಳಗಿಂದ ಬೀರುವ ಕ್ಷೇತ್ರವು ಹೊರಗಿನ ಕ್ಷೇತ್ರಕ್ಕೆ ಎದುರಾಗಿದ್ದು, ಎರಡೂ ಸರಿಗಟ್ಟಿದಾಗ ಎಲೆಕ್ಟ್ರಾನುಗಳ ಪಾಲಿಗೆ ಯಾವ ಕ್ಷೇತ್ರವೂ ಉಳಿಯುವುದಿಲ್ಲ. ಹೊರಗಿನ ಕ್ಷೇತ್ರ ಇನ್ನೂ ಏರಿ ಆ ಸಮತೋಲ ತಪ್ಪಿದರೆ ಅತಿವಾಹಕತೆಯೂ ಹೋಗುತ್ತದೆ.